ನಮ್ಮ ಭಾವನವರು ಗರಗಸ ನೋಡಲು ಹೋದದ್ದು

ನಮ್ಮ ಭಾವನವರು ಷಡಕ್ಷರಪ್ಪನವರು, ಅಂದರೆ ನನ್ನ ಯಜಮಾನರ ಅಣ್ಣ, ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಹಗಲು ಮೂಟೆಗಳ ನಡುವೆ ಕೂತು ತೂಕ ಬರೆಯುವುದು, ಸಂಜೆ ಮನೆಗೆ ಬಂದು ಪಂಚೆ ಎತ್ತಿ ಕಟ್ಟಿ ಹಿತ್ತಿಲ ಚಪ್ಪರದಲ್ಲಿ ಮರದ ಮುಂದೆ ನಿಲ್ಲುವುದು. ಬಡಗಿಯ ಮನೆತನದವರಲ್ಲ. ಯಾರೂ ಕಲಿಸಿದವರಿಲ್ಲ, ಮಾಡಿದ್ದನ್ನು ಯಾರಿಗೂ ಮಾರಿದವರೂ ಅಲ್ಲ. ಮರ ಕಂಡರೆ ಆಸೆ, ಅಷ್ಟೆ. ಹೊಸಮನೆ ಬಡಾವಣೆಯ ನಮ್ಮ ಬೀದಿಯಲ್ಲಿ ಅವರು ಕೊಟ್ಟ ಒಂದು ಮಣೆಯೋ ಲಟ್ಟಣಿಗೆಯೋ ತೊಟ್ಟಿಲೋ ಇಲ್ಲದ ಮನೆ ಇರಲಿಲ್ಲ.

ಮಂಡಿಯಲ್ಲಿ ಯಾರಾದರೂ, "ಏನ್ರೀ ಷಡಕ್ಷರಪ್ಪ, ಮಂಡಿ ಬಿಟ್ಟು ಗರಗಸ ಹಿಡಿಯೋದು ಯಾವಾಗ?" ಎಂದು ಕೆಣಕಿದರೆ, "ನೀವು ಅಡಿಕೇಲಿ ಕಲ್ಲು ಬೆರೆಸೋದು ಬಿಟ್ಟ ದಿವಸ" ಎನ್ನುತ್ತಿದ್ದರು. ಕೆಣಕಿದವರು ಆಮೇಲೆ ಮೆಲ್ಲಗೆ, "ಮಗಳು ಬಾಣಂತನಕ್ಕೆ ಬರ್ತಿದ್ದಾಳೆ, ಒಂದು ತೊಟ್ಟಿಲು..." ಎಂದು ರಾಗ ಎಳೆಯುವುದೂ ಇತ್ತು.

ನಾನು ಆ ಮನೆಗೆ ಸೊಸೆಯಾಗಿ ಬಂದ ಮರುವರ್ಷ, ಸಾವಿರದ ಒಂಬೈನೂರ ಮೂವತ್ತೆಂಟೋ ಮೂವತ್ತೊಂಬತ್ತೋ ಇಸವಿ ಇರಬೇಕು, ಅವರ ಬಲಭುಜ ಹಿಡಿದುಕೊಂಡಿತು. ಕೈ ಹಿಂದೆ ಮುಂದೆ ಆಡಿಸಿದರೆ ಸಾಕು, ಹಲ್ಲು ಕಚ್ಚುತ್ತಿದ್ದರು. ಪಂಡಿತರು ಎಣ್ಣೆ ಕೊಟ್ಟರು, ಪಟ್ಟು ಹಾಕಿದರು, ಕೊನೆಗೆ ಹೇಳಿದರು, "ಬರೀರಿ, ಉಣ್ಣಿ, ತಿರುಗಾಡಿ. ಗರಗಸ ಮಾತ್ರ ಎಳೀಬೇಡಿ. ಎಳೆದ್ರೆ ಆಮೇಲೆ ತುತ್ತು ಎತ್ತೋದಕ್ಕೂ ಇನ್ನೊಬ್ಬರು ಬೇಕಾಗ್ತಾರೆ."

ಗರಗಸ ಇಲ್ಲದೆ ಮರಗೆಲಸ ಎಲ್ಲಿಯದು? ಭಾವನವರು ಸಂಜೆ ಬಂದು ಚಪ್ಪರದ ತನಕ ಹೋಗುತ್ತಿದ್ದರು. ಅಲ್ಲಿ ಒಂದು ಹಲಸಿನ ಹಲಗೆ ಗೋಡೆಗೆ ಒರಗಿತ್ತು. ತೊಟ್ಟಿಲಿನ ಪಕ್ಕದ ಬಾಗನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಾಗಿತ್ತು, ಕೊಯ್ದಿರಲಿಲ್ಲ. ಅದನ್ನು ಎತ್ತಿಕೊಂಡು ಗೆರೆಯ ಮೇಲೆ ಬೆರಳಾಡಿಸಿ, ಮತ್ತೆ ಅಲ್ಲೇ ಇಟ್ಟು ಒಳಗೆ ಬರುತ್ತಿದ್ದರು. ಒಳಗೆ ಎಂದರೆ ಅಡುಗೆಮನೆಗೆ. ತೊಂದರೆ ಶುರುವಾದದ್ದು ಅಲ್ಲಿ.

"ಉಪ್ಪಿನ ಮರಿಗೆ ಅಷ್ಟು ದೂರ ಯಾಕಿದೆ?" ಎನ್ನುವರು. "ಸೌದೆ ಹಾಗೆ ಒಟ್ಟಬಾರದು, ಮರದ ಎಳೆ ನೋಡಿ ಇಡ್ಬೇಕು" ಎನ್ನುವರು. ಒಂದು ದಿನ ನಾವು ಬಾವಿಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಗೂಡಿನ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿ ಕೂತಿದ್ದರು. ಸಾಸಿವೆ ಹುಡುಕುವಷ್ಟರಲ್ಲಿ ಒಗ್ಗರಣೆ ಕರಕಲಾಯಿತು.

ಭಾವನವರ ಹೆಂಡತಿ, ನನ್ನ ಓರಗಿತ್ತಿ ಬಸವರಾಜೇಶ್ವರಿಯನ್ನು ಎಲ್ಲರೂ ಬಸಕ್ಕ ಎನ್ನುತ್ತಿದ್ದರು. ಆಕೆ ಸೌಟು ಹಿಡಿದುಕೊಂಡೇ ಅತ್ತೆಯ ಹತ್ತಿರ ಹೋದಳು. "ಅತ್ತೆ, ನಿಮ್ಮ ಮಗನ್ನ ಹಿತ್ತಿಲಿಗೆ ಕಳಿಸೋ ದಾರಿ ಹುಡುಕಿ. ಇಲ್ಲಾಂದ್ರೆ ನಾನೇ ಹಿತ್ತಿಲಿಗೆ ಹೋಗಿ ಇರ್ತೀನಿ."

ನಮ್ಮ ಅತ್ತೆ ಶಂಕರಮ್ಮನವರು ಹೋಗಿ ಕುದುರಿಸದೆ ಆ ಕಾಲದಲ್ಲಿ ನೆಂಟರಿಷ್ಟರಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ. ಯಾವ ತೊಡಕನ್ನಾದರೂ ಅವರು ಎಲೆಯಡಿಕೆ ಅಗಿಯುತ್ತ ಯೋಚಿಸುವರು. ಆ ದಿನವೂ ಅಗಿದರು. ಆಮೇಲೆ ಈಶ್ವರಪ್ಪನಿಗೆ ಹೇಳಿ ಕಳಿಸಿದರು. ಈಗ ಗಾಂಧಿ ಬಜಾರ್ ಎನ್ನುವ ಪೇಟೆಯಲ್ಲಿ ಆತನದು ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಬೀಗ, ಉಳಿ ಎಲ್ಲ ಅಲ್ಲಿಂದಲೇ ಬರುತ್ತಿದ್ದದ್ದು.

ಈಶ್ವರಪ್ಪ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ಹೇಳಿದ, "ಬ್ಯಾಂಡ್ ಸಾ ಅಂತ ಒಂದಿದೆ ಕಣಮ್ಮ. ಮೇಲೊಂದು ಗಾಲಿ, ಕೆಳಗೊಂದು ಗಾಲಿ. ಎರಡರ ಮೇಲೂ ಉಡಿದಾರದ ಹಾಗೆ ಹಲ್ಲಿನ ಪಟ್ಟಿ ಸುತ್ತುತ್ತಾ ಇರುತ್ತೆ. ಗರಗಸ ಎಳೆಯೋದಿಲ್ಲ, ನೂಕೋದಿಲ್ಲ. ಮರಾನೇ ಅದರ ಹತ್ರ ತಗೊಂಡು ಹೋದ್ರೆ ಆಯ್ತು. ಎಂಥಾ ಬಾಗು ಬೇಕಾದ್ರೂ ಕೊಯ್ಯುತ್ತೆ."

"ಗಾಲಿ ತಿರುಗಿಸೋರು ಯಾರು?" ಎಂದರು ಅತ್ತೆ.

"ಷಡಕ್ಷರಪ್ಪನೋರೇ. ದರ್ಜಿ ಮಿಷಿನ್ನಿನ ಹಾಗೆ ಕಾಲಲ್ಲಿ ತುಳಿಯೋದು. ಭದ್ರಾವತಿ ಓಲ್ಡ್ ಟೌನಲ್ಲಿ ವೀರಪ್ಪ ಅಂತಿದ್ದಾರೆ, ನಮ್ಮೋರೇ. ಕಾರ್ಖಾನೇಲಿ ಎರಕಕ್ಕೆ ಮರದ ಅಚ್ಚು ಮಾಡ್ತಿದ್ರು. ಈಗ ಕಣ್ಣು ಮಂಜು, ಗರಗಸ ಮಾರ್ತಾರಂತೆ. ನಾನೇ ಕಂಡಿದ್ದೀನಿ."

ಭಾವನವರು ಒಳಗಿನಿಂದ ಎದ್ದು ಬಂದು ಈಶ್ವರಪ್ಪನ ಎದುರಿಗೇ ಕೂತರು. ಭುಜ ಹೋದರೂ ಕಾಲು ಗಟ್ಟಿಯಾಗಿತ್ತಲ್ಲ. ಅವರ ಮುಖ ಅಷ್ಟು ಅರಳಿದ್ದನ್ನು ನಾವು ಕಂಡು ಬಹಳ ದಿನವಾಗಿತ್ತು.

ಅತ್ತೆ ಮಾತ್ರ ಷರತ್ತು ಹಾಕಿದರು. "ನೋಡು, ಈ ಮನೆಗೆ ಯಂತ್ರ ಅಂತ ಬರೋದು ಒಂದೇ ಸಲ. ಸರಿಯಾಗಿ ನೋಡಿ ಆರಿಸು. ತಪ್ಪಿದ್ರೆ ಇನ್ನೊಂದು ಕೇಳೋ ಹಾಗಿಲ್ಲ." ಆಮೇಲೆ, "ನಾನೂ ಬರ್ತೀನಿ" ಎಂದರು. ಬಸಕ್ಕನೂ ಹೊರಟಳು. ನೋಡುವುದಕ್ಕೆ ನಾಲ್ಕು ಜನ ಇರಲಿ ಎಂದು ನನ್ನನ್ನೂ ಕರೆದರು. ಹೀಗೆ ಗರಗಸಕ್ಕೆ ಹೊರಟದ್ದು ಹೆಣ್ಣು ನೋಡಲು ಹೊರಟ ಹಾಗೇ ಆಯಿತು.

ರೈಲಿನಲ್ಲಿ ಭಾವನವರು ಆ ಹಲಸಿನ ಹಲಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಅದನ್ನು ಕೊಯ್ದು ನೋಡಿಯೇ ಒಪ್ಪುವುದು ಎಂದು ಅವರ ಲೆಕ್ಕ. ಅತ್ತೆ ಬುದ್ಧಿ ಹೇಳುತ್ತಲೇ ಇದ್ದರು. "ಅವರು ನೀರು ಕೊಟ್ರೆ ಕುಡಿ. ಎಲೆಯಡಿಕೆ ಕೊಟ್ರೆ ಹಾಕ್ಕೋ. ಸಿಹಿ ಮಾತ್ರ ಬಾಯಿಗೆ ಇಡಬೇಡ. ಸಿಹಿ ತಿಂದ್ರೆ ಸಂಬಂಧ ಒಪ್ಪಿದ ಹಾಗೆ, ಆಮೇಲೆ ಬೇಡ ಅನ್ನೋ ಬಾಯಿ ಇರಲ್ಲ."

"ಅವ್ವ, ಅದು ಗರಗಸ."

"ಯಾವುದಾದ್ರೇನು, ಮನೆಗೆ ಬರೋದೇ ತಾನೆ?"

ವೀರಪ್ಪನವರ ಮನೆ ಓಲ್ಡ್ ಟೌನಿನ ಒಂದು ಓಣಿಯಲ್ಲಿತ್ತು. ಹಣೆ ತುಂಬ ವಿಭೂತಿ, ದಪ್ಪ ಕನ್ನಡಕ. ನಮ್ಮನ್ನು ಬರಮಾಡಿಕೊಂಡು ಸೀದಾ ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋದರು. ಅಲ್ಲಿ ನಿಂತಿದ್ದ ಗರಗಸ ಸೂರಿನ ತೊಲೆ ಮುಟ್ಟುತ್ತಿತ್ತು. ಒಂದೊಂದು ಗಾಲಿಯೂ ಗಾಡಿಯ ಗಾಲಿಯಷ್ಟು. ಎಣ್ಣೆ ಹಚ್ಚಿ ಒರೆಸಿ ಮಿರಮಿರ ಎನ್ನುವಂತೆ ಇಟ್ಟಿದ್ದರು.

ಭಾವನವರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಲಗೆಯನ್ನು ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದರು. ಹಲ್ಲಿನ ಪಟ್ಟಿಗೂ ಹಿಂದಿನ ಕಂಬಕ್ಕೂ ನಡುವೆ ಎಷ್ಟು ಜಾಗವೆಂದರೆ, ತೊಟ್ಟಿಲಲ್ಲ, ಬಾಗಿಲನ್ನೇ ತಿರುಗಿಸಬಹುದಿತ್ತು. "ಆಹಾ" ಎಂದರು. ಮೇಲಿನ ಗಾಲಿಯನ್ನು ಕೈಯಲ್ಲಿ ತಳ್ಳಿದರು. ಅದು ಸದ್ದಿಲ್ಲದೆ ಸುತ್ತಿತು. ಮತ್ತೆ "ಆಹಾ" ಎಂದರು. ಬಸಕ್ಕ ನನ್ನ ಕಿವಿಯಲ್ಲಿ, "ನನ್ನ ನೋಡೋಕೆ ಬಂದಾಗ ಒಂದು ಆಹಾನೂ ಇರಲಿಲ್ಲ ಮಾರಾಯ್ತಿ" ಎಂದಳು.

ವೀರಪ್ಪನವರ ಹೆಂಡತಿ ಲಿಂಗಮ್ಮ ಒಳಗಿನಿಂದ ತಟ್ಟೆಗಳನ್ನು ತಂದರು. ತುಪ್ಪ ಹಾಕಿದ ಬಿಸಿ ಹೋಳಿಗೆ. ಅತ್ತೆ ತಮ್ಮ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಆಮೇಲೆ ಆಗಲಿ ತಾಯಿ" ಎಂದು ಮಗನ ಕಡೆ ನೋಡಿದರು. ಮಗ ಎಡಗೈಯಲ್ಲಿ ಗಾಲಿ ತಿರುಗಿಸುತ್ತ, ಬಲಗೈಯಲ್ಲಿ ಹೋಳಿಗೆ ಮುರಿದು, ಕಣ್ಣು ಗಾಲಿಯ ಮೇಲೇ ಇಟ್ಟುಕೊಂಡು ತಿನ್ನುತ್ತಿದ್ದರು. ಅತ್ತೆ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಲಿಂಗಮ್ಮ ನೀರು ತಂದುಕೊಟ್ಟರು. ಅಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

"ಇದನ್ನ ತುಳಿಯೋ ಹಲಗೆ ಎಲ್ಲಿದೆ?" ಎಂದು ಆಗ ಕೇಳಿದರು ಭಾವನವರು.

"ತುಳಿಯೋದಾ? ಇದನ್ನ ತುಳಿದ್ರೆ ತಿರುಗುತ್ತೇನ್ರೀ?" ಎಂದು ವೀರಪ್ಪನವರು ನಕ್ಕರು. "ಆಯಿಲ್ ಎಂಜಿನ್ ಬೇಕು, ಬೆಲ್ಟ್ ಹಾಕ್ಬೇಕು. ಪೆಟ್ಟಿಗೆ ಮಾಡೋ ಮಿಲ್ಲಿನ ಹರಾಜಲ್ಲಿ ತಗೊಂಡಿದ್ದು ಇದು."

ಭಾವನವರ ಕೈ ಗಾಲಿಯ ಮೇಲಿಂದ ಕೆಳಗೆ ಬಂತು. ನಮ್ಮ ಹಿತ್ತಿಲಲ್ಲಿ ಎಂಜಿನ್ ಎಲ್ಲಿ, ಅದನ್ನು ಇಡುವ ಜಾಗ ಎಲ್ಲಿ? ಬರುವುದು ಒಂದೇ ಯಂತ್ರ. ಅದು ಇದಾದರೆ, ಚಪ್ಪರದಲ್ಲಿ ಬೆಳ್ಳಗೆ ಹೊಳೆಯುತ್ತ ಸುಮ್ಮನೆ ನಿಂತಿರುತ್ತಿತ್ತು, ಪಕ್ಕದಲ್ಲಿ ಅವರೂ ನಿಂತಿರುತ್ತಿದ್ದರು. ಅವರು ಬೆರಳಿಗೆ ಅಂಟಿದ ತುಪ್ಪವನ್ನು ನೋಡಿಕೊಂಡರು, ಆಮೇಲೆ ತಾಯಿಯನ್ನು ನೋಡಿದರು.

"ಒಪ್ಪಿದ ಹಾಗಾಯ್ತಲ್ಲ" ಎಂದರು ಲಿಂಗಮ್ಮ. ಅವರಿಗೂ ಈ ಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಹೋಳಿಗೆ ಬಿಸಿಬಿಸಿಯಾಗಿ ಸಮಯಕ್ಕೆ ಸರಿಯಾಗಿ ಬಂದದ್ದು ಸುಮ್ಮನೆ ಅಲ್ಲ.

ಅತ್ತೆ ಎಲೆಯಡಿಕೆ ಹಾಕಿಕೊಂಡರು. ಅಗಿಯುತ್ತ ಪಡಸಾಲೆಯನ್ನೆಲ್ಲ ಕಣ್ಣಲ್ಲೇ ಗುಡಿಸಿದರು. ಮೂಲೆಯಲ್ಲಿ ಆಳೆತ್ತರದ್ದು ಏನೋ ಗೋಣಿತಾಟು ಹೊದ್ದು ನಿಂತಿತ್ತು.

"ಆ ಮೂಲೇಲಿ ಮುಸುಕು ಹಾಕ್ಕೊಂಡಿರೋಳು ಯಾರು?"

ವೀರಪ್ಪನವರು ತಡವರಿಸಿದರು. "ಅದು... ಅದು ಕೊಡೋದಲ್ಲ ತಾಯಿ. ಊರು ಬಿಟ್ಟು ಹೋದ ಒಬ್ಬ ಬಿಳೀ ದೊರೆಯಿಂದ ತಗೊಂಡಿದ್ದು. ಸಂಜೆ ಹೊತ್ತು ನಾನೇ ಸ್ವಲ್ಪ ತುಳೀತಾ ಇರ್ತೀನಿ."

ತುಳಿಯುವುದು ಎಂದ ಕೂಡಲೇ ಭಾವನವರು ಹೋಗಿ ಗೋಣಿತಾಟು ಎತ್ತಿದರು. ಈಶ್ವರಪ್ಪ ಕಂಡದ್ದು ಇದನ್ನೇ. ಚಿಕ್ಕ ಗಾಲಿಗಳು, ಕೆಳಗೆ ಸವೆದು ನುಣುಪಾದ ತುಳಿಯುವ ಹಲಗೆ.

"ಸರಿ" ಎಂದರು ಅತ್ತೆ. "ನಮ್ಮ ಹುಡುಗ ಸಿಹಿ ತಿಂದಿದ್ದಾನೆ. ನಾನು ಇಲ್ಲ ಅನ್ನೋಲ್ಲ. ಈ ಮನೆ ಸಂಬಂಧ ನಮಗೆ ಒಪ್ಪಿಗೆ. ಆದ್ರೆ ಇಬ್ಬರಲ್ಲಿ ಯಾರು ಅಂತ ಇನ್ನೂ ಮಾತಾಗಿಲ್ಲ."

"ಅದು ಹೇಗಾಗುತ್ತೆ ತಾಯಿ" ಎಂದರು ವೀರಪ್ಪನವರು, ನಗು ತಡೆದುಕೊಂಡು. "ದೊಡ್ಡೋಳು ಇನ್ನೂ ಮನೇಲಿ ಇರೋವಾಗ ಚಿಕ್ಕೋಳನ್ನ ಕೊಟ್ರೆ ಜನ ಏನಂತಾರೆ?"

ಅತ್ತೆಯೇ ಎಷ್ಟೋ ಮನೆಗಳಲ್ಲಿ ಆಡಿದ ಮಾತು ಅದು. ಉತ್ತರ ಬಂದದ್ದು ಲಿಂಗಮ್ಮನಿಂದ. "ದೊಡ್ಡೋಳಿಗೆ ಗಂಡು ಸಿಗಲಿಲ್ಲ ಅಂತ ಚಿಕ್ಕೋಳನ್ನೂ ಮನೇಲೇ ಮುದುಕಿ ಮಾಡ್ತೀರಾ? ಹೋದ ಅಮಾವಾಸ್ಯೆ ಉಗುರು ಹಾರಿಸ್ಕೊಂಡ್ರಿ. ಮುಂದಿನ ಅಮಾವಾಸ್ಯೆಗೆ ಬೆರಳೇನೋ. ಸಂಜೆ ಆದ್ರೆ ನಾನು ಒಲೆ ನೋಡ್ಲೋ, ನಿಮ್ಮ ಕೈ ನೋಡ್ಲೋ? ಹೋಗ್ಲಿ ಬಿಡಿ ಇದೂ."

ವೀರಪ್ಪನವರು ಗರಗಸದ ಪುಟ್ಟ ಮೇಜನ್ನು ಅಂಗೈಯಿಂದ ಒರೆಸಿದರು. ಆಮೇಲೆ ಭಾವನವರಿಗೆ ಹೇಳಿದರು, "ಎಲ್ಲಿ, ಒಂದು ಸಲ ಹಾಡಿಸಿ ನೋಡೋಣ."

ಭಾವನವರು ತುಳಿಯತೊಡಗಿದರು. ಮೊದಲು ಗಾಲಿ ಹಿಂದಕ್ಕೆ ತಿರುಗಿತು, ಬಸಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. ಎರಡನೆಯ ಸಲಕ್ಕೆ ಹದ ಸಿಕ್ಕಿತು. ಜೇನು ಗುಂಯ್‌ಗುಡುವ ಹಾಗೆ ಸದ್ದು ಎದ್ದಿತು. ಹಲಸಿನ ಹಲಗೆಯನ್ನು ಮುಂದಿಟ್ಟರು. ವೀರಪ್ಪನವರು ನೋಡಲಿಲ್ಲ, ತಲೆ ಬಗ್ಗಿಸಿ ಕೇಳುತ್ತ ನಿಂತರು. "ತಳ್ಳಬೇಡಿ. ಅದು ಎಷ್ಟು ಕೇಳುತ್ತೋ ಅಷ್ಟೇ ಕೊಡಿ" ಎಂದರು. ಬಾಗು ಬಂದಂತೆ ಹಲಗೆಯನ್ನು ತಿರುಗಿಸಬೇಕಾಯಿತು. ಅದರ ಬಾಲ ಹಿಂದಿನ ಕಂಬದ ಹತ್ತಿರ ಹತ್ತಿರ ಹೋಯಿತು. ಅಲ್ಲಿ ತಗುಲಿದರೆ ಈ ಗರಗಸದಲ್ಲಿ ತೊಟ್ಟಿಲು ಆಗುವ ಹಾಗಿಲ್ಲ. ಬೆರಳು ತೂರುವಷ್ಟು ಜಾಗ ಬಿಟ್ಟು ಹಲಗೆ ತಿರುಗಿಕೊಂಡಿತು. ಪೆನ್ಸಿಲಿನ ಗೆರೆ ಮುಗಿಯಿತು.

ಭಾವನವರು ತುಳಿಯುವುದನ್ನು ನಿಲ್ಲಿಸಲೇ ಇಲ್ಲ, ಹಲಗೆ ಕೈಯಲ್ಲಿ ಹಿಡಿದು ಬರಿದೇ ತುಳಿಯುತ್ತಿದ್ದರು. ಬಸಕ್ಕ, "ಭುಜ ನೋಯ್ತಾ ಇದೆಯಾ?" ಎಂದು ಕೇಳಿದಳು. "ಯಾವ ಭುಜ?" ಎಂದರು.

ವೀರಪ್ಪನವರು ಕೊಯ್ದ ಅಂಚಿನ ಮೇಲೆ ಹೆಬ್ಬೆರಳು ಹಾಯಿಸಿದರು. "ಕೊಡ್ತೀನಿ" ಎಂದರು. "ಆದ್ರೆ ಹಬ್ಬಕ್ಕೆ ತವರಿಗೆ ಬಾ ಅಂದ್ರೆ ಇವಳು ಬರೋದಿಲ್ಲ. ನಾನೇ ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ."

ಬೆಲೆಯ ಮಾತನ್ನು ಅತ್ತೆಯೂ ಲಿಂಗಮ್ಮನೂ ಅಡುಗೆಮನೆಯಲ್ಲಿ ಮುಗಿಸಿದರು. ಅಲ್ಲಿ ಅತ್ತೆ ಹೋಳಿಗೆಯನ್ನೂ ಮುಗಿಸಿದರು. ಗರಗಸವನ್ನು ಹುಲ್ಲು ಹಾಸಿದ ಗಾಡಿಗೆ ಏರಿಸುವಾಗ ಲಿಂಗಮ್ಮ ಅದರ ಪುಟ್ಟ ಮೇಜಿನ ಮೇಲೆ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿದ ಬಟ್ಟೆಯನ್ನಿಟ್ಟು ಮಡಿಲು ತುಂಬಿದರು. ಗಾಡಿಯವನು ಇದು ಯಾವ ದೇವರು ಎಂದು ಕೇಳಿ ಕೈ ಮುಗಿದ.

ಮುಂದಿನ ಭಾನುವಾರವೇ ವೀರಪ್ಪನವರು ಒಂದು ಡಬ್ಬಿ ಎಣ್ಣೆ ಹಿಡಿದುಕೊಂಡು ಹೊಸಮನೆಗೆ ಬಂದರು. ಚಪ್ಪರದಲ್ಲಿ ಗರಗಸದ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟರು. ಮಧ್ಯಾಹ್ನ ಬಸಕ್ಕ ಎಲೆ ಹಾಕಿದಳು. ವೀರಪ್ಪನವರು ಕೂರಲಿಲ್ಲ.

"ಶಂಕರಮ್ಮನವರೇ, ಶಾಸ್ತ್ರ ನಿಮಗೊಬ್ಬರಿಗೇ ಅಲ್ಲ" ಎಂದರು. "ಮೊಮ್ಮಗು ಹುಟ್ಟೋ ತನಕ ಮಗಳ ಮನೇಲಿ ಅಪ್ಪ ಊಟ ಮಾಡೋ ಹಾಗಿಲ್ಲ, ನಮ್ಮ ಕಡೆ."

ಬಸಕ್ಕ ಅನ್ನದ ಪಾತ್ರೆ ಹಿಡಿದು ನಿಂತಳು. ಭಾವನವರು ಹಿತ್ತಿಲಿಗೆ ಹೋದರು. ಗುಂಯ್ ಎಂಬ ಸದ್ದು ಕೇಳಿತು. ಸಾರು ಆರದಿರಲೆಂದು ನಾನು ಮತ್ತೆ ಒಲೆಯ ಮೇಲಿಟ್ಟೆ. ಅದು ಕುದಿಯುವಷ್ಟರಲ್ಲಿ ಭಾವನವರು ಬಂದು ವೀರಪ್ಪನವರ ಅಂಗೈಯಲ್ಲಿ ಏನೋ ಇಟ್ಟರು. ಇನ್ನೂ ಮರದ ಪುಡಿ ಅಂಟಿಕೊಂಡಿತ್ತು.

ವೀರಪ್ಪನವರು ಕನ್ನಡಕ ಹಣೆಗೇರಿಸಿ ಬೆರಳಿನಿಂದಲೇ ಸವರಿದರು. ಕಿವಿ, ಬಾಗಿದ ಕತ್ತು, ಬಾಲ.

"ಕುದುರೆ" ಎಂದರು.

"ಒಂದು ಕಾಲು ಸ್ವಲ್ಪ ಗಿಡ್ಡ" ಎಂದರು ಭಾವನವರು. "ಚೊಚ್ಚಲಲ್ವೇ."

ವೀರಪ್ಪನವರು ಕುದುರೆಯನ್ನು ಎಲೆಯ ಪಕ್ಕದಲ್ಲಿ ನಿಲ್ಲಿಸಿಕೊಂಡು ಊಟಕ್ಕೆ ಕೂತರು. ಬಸಕ್ಕ ಸಾಸಿವೆಯ ಡಬ್ಬವನ್ನು ಅದರ ಹಳೆಯ ಜಾಗದಲ್ಲಿ ಇಟ್ಟು ಬಂದಳು. ಅದನ್ನು ಮತ್ತೆ ಯಾರೂ ಕದಲಿಸಲಿಲ್ಲ.