ಸೊಳ್ಳೆ ಡಬ್ಬಿಯ ಪರೀಕ್ಷೆ

ನಾನು ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡರೂ ಒಂದು ಕಡ್ಡಿ ಗೀರಿ ನೋಡಿಯೇ ಮನೆಗೆ ತರುವವಳು. ಹಾಲಿನವಳ ಚರಿಗೆಯನ್ನು ಬೋರಲು ಹಾಕಿಸಿ, ತಳದಲ್ಲಿ ನೀರಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹಾಲು ಹಾಕಿಸಿಕೊಳ್ಳುತ್ತಿದ್ದೆ. ಆಳಂದದ ನಮ್ಮ ತವರಿನಲ್ಲಿ ಇದಕ್ಕೆ ಶಕ್ಕಿನ ರೋಗ ಎನ್ನುತ್ತಿದ್ದರು. ವಿಜ್ಞಾನದ ಟೀಚರ್ ಆದ ಮೇಲೆ ಅದೇ ರೋಗಕ್ಕೆ ಪ್ರಯೋಗ ಎಂಬ ಮರ್ಯಾದೆಯ ಹೆಸರು ಸಿಕ್ಕಿತು. ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಜೇವರ್ಗಿಯಲ್ಲಿ ನಾಲ್ಕು ವರ್ಷ ಕಲಿಸಿ, ಅಫಜಲಪುರದ ಹೈಸ್ಕೂಲಿಗೆ ವರ್ಗವಾಗಿ ಬಂದಿದ್ದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಒಂಬತ್ತನೇ ಇಯತ್ತೆಯ ಹನ್ನೆರಡು ಹುಡುಗಿಯರನ್ನು ಮಣ್ಣೂರಿಗೆ, ಭೀಮಾ ನದಿಯ ದಂಡೆಗೆ, ಮೂರು ದಿನದ ಕ್ಯಾಂಪಿಗೆ ಕರೆದೊಯ್ಯುವುದೆಂದು ಗೊತ್ತಾಯಿತು. ಗಂಡುಹುಡುಗರು ಪ್ರತಿ ವರ್ಷ ಹೋಗಿಬರುತ್ತಿದ್ದರು. ಹುಡುಗಿಯರು ಡೇರೆಯಲ್ಲಿ ಮಲಗುವುದು ಅದೇ ಮೊದಲು. ಹಠ ನನ್ನದು, ಹೊಣೆಯೂ ನನ್ನದು.

ಹನ್ನೆರಡು ಜನರಲ್ಲಿ ಒಬ್ಬಳ ತಾಯಿ ಒಂದು ಸಂಜೆ ನನ್ನ ಮನೆಗೆ ಬಂದರು. ಗಂಡ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಮೈದುನನ ಕೈಯಲ್ಲಿತ್ತು. ಆತ ತೊಗರಿ ವ್ಯಾಪಾರಿ. ಹುಡುಗಿಗೆ ಓದು ಸಾಕು ಎನ್ನಲು ನೆಪ ಹುಡುಕುತ್ತಿದ್ದಾನೆಂದು ಊರಿಗೇ ಗೊತ್ತಿತ್ತು. ಆ ತಾಯಿ ಚಾಪೆಯ ಮೇಲೂ ಕೂರದೆ ನಿಂತೇ ಹೇಳಿದರು.

“ಅಕ್ಕೋರೆ, ನಾ ಹಟಾ ಮಾಡಿ ಹ್ಞೂಂ ಅನಸೇನಿ. ಹೊಳಿ ದಂಡ್ಯಾಗ ಸೊಳ್ಳಿ ಕಡದು ಜ್ವರಾ ಗಿರಾ ಹಚಗೊಂಡು ಬಂದ್ಳಂದ್ರ ಅಕಿ ಕಾಕಾ ಅಕಿನ್ನ ಮತ್ತ ಸಾಲಿಗಿ ಕಳಸಂಗಿಲ್ಲ. ಹಂಗಂತ ಅಂದಾನ. ನನ್ನ ಮಾತು ಉಳಸ್ರಿ.”

“ಸೊಳ್ಳಿ ಕಡೀದಂಗ ನೋಡ್ಕೋತೇನ್ರಿ. ಚಿಂತಿ ಬಿಡ್ರಿ” ಎಂದೆ. ಭೀಮಾ ದಂಡೆಯ ಸೊಳ್ಳೆಗಳಿಗೆ ನನ್ನ ಮಾತಿನ ಬೆಲೆ ಏನು ಗೊತ್ತು?

ಮರುದಿನವೇ ಪೇಟೆಗೆ ಹೋದೆ. ಪರದೆ ಕಟ್ಟೋಣವೆಂದರೆ ಹನ್ನೆರಡು ಪರದೆ, ಅವಕ್ಕೆ ಕೋಲುಗಳು, ಇವನ್ನೆಲ್ಲ ಹೊತ್ತುಕೊಂಡು ನಡೆಯುವವರು ಯಾರು? ಬಸ್ಸಿಳಿದು ದಂಡೆಯಗುಂಟ ಬಹಳ ದೂರ ನಡೆಯಬೇಕಿತ್ತು. ಕರೆಂಟಂತೂ ಅಲ್ಲಿ ಇರಲಿಲ್ಲ. ಕೈಯಲ್ಲಿ ಹಿಡಿದು ನಡೆಯಬಹುದಾದ, ಡೇರೆಯ ಬಾಗಿಲಲ್ಲಿ ತೂಗುಹಾಕಬಹುದಾದ ಏನಾದರೂ ಬೇಕಿತ್ತು. ಕಿರಾಣಿ, ಬ್ಯಾಟರಿ, ಆಟಿಕೆ ಎಲ್ಲವನ್ನೂ ಒಂದೇ ಕಪಾಟಿನಲ್ಲಿಟ್ಟು ಮಾರುವ ಅಂಗಡಿಯವನೊಬ್ಬ ನನ್ನ ಮುಂದೆ ಮೂರು ಸಾಮಾನು ಇಟ್ಟ.

ಒಂದು, ತೂತುಗಳಿದ್ದ ದುಂಡು ತಗಡಿನ ಡಬ್ಬಿ. ಒಳಗೆ ಹಸಿರು ಸೊಳ್ಳೆಬತ್ತಿಯ ಸುರುಳಿ ಹಚ್ಚಿಟ್ಟು ಸರಪಳಿಯಿಂದ ಎಲ್ಲಿಗಾದರೂ ತೂಗುಹಾಕಬಹುದು. ಇನ್ನೊಂದು, ಪುಟ್ಟ ಸೀಮೆಎಣ್ಣೆ ದೀಪ, ಅದರ ತಲೆಯ ಮೇಲೆ ಒಂದು ತಗಡಿನ ತಟ್ಟೆ. ತಟ್ಟೆಯ ಮೇಲೆ ಔಷಧಿಯ ಬಿಲ್ಲೆ ಇಟ್ಟರೆ ಅದು ಕಾದು ವಾಸನೆ ಬಿಡುತ್ತದಂತೆ. ಮೂರನೆಯದನ್ನು ಅವನು ಕರವಸ್ತ್ರದಲ್ಲಿ ಸುತ್ತಿ ತಂದ. ಸಾಬೂನಿನಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಸೆಲ್ ಹಾಕಿ ಗುಂಡಿ ಒತ್ತಿದರೆ ಕುಂಯ್ ಎಂದು ಸಣ್ಣಗೆ ಕೂಗುತ್ತಿತ್ತು.

“ಸೊಲ್ಲಾಪುರದಿಂದ ಬಂದದ ಅಕ್ಕೋರೆ. ಗಂಡಸೊಳ್ಳಿ ಹಂಗ ದನಿ ಮಾಡ್ತದ. ಕಡಿಯೋವು ಹೆಣ್ಣಸೊಳ್ಳಿ ಅಲ್ಲೇನ್ರಿ? ಗಂಡಿನ ದನಿ ಕೇಳಿದ ಕೂಡ್ಲೆ ಓಡಿ ಹೋಗ್ತಾವ.”

“ನಮ್ಮ ಮನ್ಯಾಗ ಗಂಡನ ದನಿಗಿ ನಾನೇ ಓಡಂಗಿಲ್ಲ. ಸೊಳ್ಳಿ ಓಡ್ತದಂದ್ರ ಹ್ಯಾಂಗ ನಂಬಲಿ?”

ಅಂಗಡಿಯಲ್ಲಿದ್ದವರು ನಕ್ಕರು. ಅವನೂ ನಕ್ಕ, ಆದರೆ ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟಕ್ಕೇ ನನಗೆ ಅವನ ಮೇಲೆ ಅನುಮಾನ ಹುಟ್ಟಿತು. ಸೊಳ್ಳೆಬತ್ತಿಯ ಮೇಲೂ ಹುಟ್ಟಿತು. ಬಣ್ಣ ಒಂದೊಂದು ಕಡೆ ಮಾಸಿತ್ತು, ಎಲ್ಲೋ ನೀರಿಗೆ ಬಿದ್ದ ಮಾಲು ಇರಬೇಕು. ದೀಪದ ಬಗ್ಗೆಯಂತೂ ಹೇಳುವುದೇ ಬೇಡ, ಡೇರೆಯೊಳಗೆ ಸೀಮೆಎಣ್ಣೆ! ಮೂರನ್ನೂ ಮನೆಗೆ ಒಯ್ದು ಪರೀಕ್ಷೆ ಮಾಡಿ, ಪಾಸಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದೆ. ಆತ ಹುಳ್ಳಗೆ ಮುಖ ಮಾಡಿಕೊಂಡು ಒಪ್ಪಿದ.

ಪರೀಕ್ಷೆಗೆ ಸೊಳ್ಳೆ ಬೇಕಲ್ಲ. ಅಫಜಲಪುರದಲ್ಲಿ ಅದಕ್ಕೇನೂ ಬರವಿರಲಿಲ್ಲ, ಆದರೆ ನನ್ನ ಮನೆಯ ಹಿತ್ತಲಲ್ಲಿದ್ದಷ್ಟು ಬೇರೆಲ್ಲೂ ಇರಲಿಕ್ಕಿಲ್ಲ. ನಳದ ನೀರು ಎಂದು ಬರುತ್ತದೋ ನಂಬಿಕೆಯಿಲ್ಲದ ಊರು ಅದು. ಎಲ್ಲರ ಹಿತ್ತಲಲ್ಲೂ ಒಂದು ಸಿಮೆಂಟಿನ ಟಾಕಿ ಇರುತ್ತಿತ್ತು. ನಳ ಬಂದಾಗ ಹಳೆಯ ನೀರಿನ ಮೇಲೆಯೇ ಹೊಸ ನೀರು ತುಂಬುತ್ತಿದ್ದೆವು. ಟಾಕಿ ಖಾಲಿ ಮಾಡಿ ತಿಕ್ಕುವುದೆಂದರೆ ನಮ್ಮಲ್ಲಿ ತುಂಬಿದ ಕಣಜಕ್ಕೆ ಬೆಂಕಿ ಇಟ್ಟಂತೆ, ಯಾರೂ ಮಾಡುತ್ತಿರಲಿಲ್ಲ. ಸಂಜೆಯಾದರೆ ಆ ಟಾಕಿಯ ಸುತ್ತ ಸೊಳ್ಳೆಗಳು ಮೋಡ ಕಟ್ಟುತ್ತಿದ್ದವು. ಪರೀಕ್ಷೆಗೆ ಇದಕ್ಕಿಂತ ಕಠಿಣ ಜಾಗ ಸಿಗದು, ಇಲ್ಲಿ ಗೆದ್ದದ್ದು ಹೊಳೆ ದಂಡೆಯಲ್ಲಿ ಗೆದ್ದೇ ಗೆಲ್ಲುತ್ತದೆ ಎಂದು ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಕ್ಯಾಂಪಿಗೆ ಬರುವವರಲ್ಲಿ ನಾಲ್ವರನ್ನು ಕರೆಸಿದೆ. ಟಾಕಿಯ ಸುತ್ತ ದೂರ ದೂರ ಗೋಣಿಚೀಲ ಹಾಸಿ ಕೂರಿಸಿದೆ. ಮೂವರ ಪಕ್ಕದಲ್ಲಿ ಒಂದೊಂದು ಸಾಮಾನು. ನಾಲ್ಕನೆಯವಳ ಪಕ್ಕದಲ್ಲಿ ಏನೂ ಇಲ್ಲ. ಏನೂ ಇಲ್ಲದಿದ್ದರೆ ಎಷ್ಟು ಕಡಿಯುತ್ತವೆ ಎಂದು ತಿಳಿಯದೆ ಉಳಿದದ್ದನ್ನು ಅಳೆಯುವುದು ಹೇಗೆ? ಕಡಿದದ್ದನ್ನೆಲ್ಲ ಕೈಮೇಲೆ ಶಾಯಿಯ ಚುಕ್ಕೆ ಇಟ್ಟು ಎಣಿಸಬೇಕು. ಆ ಬರಿ ಜಾಗಕ್ಕೆ ಸುಳ್ಳು ಹೇಳದವಳು, ಗೊಣಗದವಳು ಬೇಕಿತ್ತು. ಅಂಥವಳು ಒಬ್ಬಳೇ ಇದ್ದಳು. ತೊಗರಿ ವ್ಯಾಪಾರಿಯ ಅಣ್ಣನ ಮಗಳು. ಅವಳನ್ನೇ ಕೂರಿಸಿದೆ.

ಮೊದಲ ಸಂಜೆಯೇ ಪೆಟ್ಟಿಗೆಯ ಬಣ್ಣ ಬಯಲಾಯಿತು. ಅದು ಕುಂಯ್ಗುಡುತ್ತಿರುವಾಗಲೇ ಒಂದು ಸೊಳ್ಳೆ ಬಂದು ಅದರ ಮೇಲೆಯೇ ಆರಾಮಾಗಿ ಕೂತಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ದೀಪದ ಬಳಿ ಕೂತವಳು ಕಣ್ಣುರಿ ಎಂದು ಅಳುತ್ತಿದ್ದಳು. ತಗಡಿನ ಡಬ್ಬಿಯವಳ ಕೈಮೇಲೆ ಚುಕ್ಕೆಗಳು ಕಡಿಮೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಡಬ್ಬಿಯ ಹುಡುಗಿ ಮೈತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದಳೆಂದು ನನಗೆ ಗುಮಾನಿ. ಗಾಳಿ ಅವಳ ಕಡೆಗೇ ಬೀಸುತ್ತಿತ್ತೆಂದೂ ಗುಮಾನಿ. ಹೀಗಾಗಿ ಮಂಗಳವಾರವೂ ಕರೆಸಿದೆ, ಬುಧವಾರವೂ ಕರೆಸಿದೆ. ಮೂವರ ಜಾಗ ಅದಲುಬದಲು ಮಾಡಿದೆ. ಬರಿ ಜಾಗದವಳನ್ನು ಮಾತ್ರ ಬದಲಿಸಲಿಲ್ಲ. ತಕ್ಕಡಿಯ ಕಲ್ಲನ್ನು ನಡುವೆ ಬದಲಿಸಬಾರದಲ್ಲ, ಹಾಗೆ.

ಅವಳು ಮೂರೂ ಸಂಜೆ ತೋಳು ಚಾಚಿಕೊಂಡು ಕೂತಳು. “ಇಲ್ಲೊಂದು ಕಡದದ್ರಿ, ಇಲ್ಲಿನ್ನೊಂದು” ಎಂದು ಚುಕ್ಕೆ ಇಡುತ್ತಲೇ ಹೋದಳು. ನಾನೂ ಅಲ್ಲೇ ಕೂತಿದ್ದೆ ಎಂದು ಹೇಳಿಕೊಳ್ಳಬಹುದು. ಕೂತಿದ್ದೆ ನಿಜ, ಮೈತುಂಬ ಸೆರಗು ಹೊದ್ದುಕೊಂಡು.

ಕೊನೆಗೆ ತಗಡಿನ ಡಬ್ಬಿಯೇ ಗೆದ್ದಿತು. ಉಳಿದೆರಡನ್ನು ಅಂಗಡಿಗೆ ಹಿಂತಿರುಗಿಸಿ, ಡೇರೆಗೊಂದರಂತೆ ಡಬ್ಬಿಗಳನ್ನು ತಂದೆ.

ಹತ್ತು ದಿನ ಬಿಟ್ಟು ಮಣ್ಣೂರಿಗೆ ಹೋದೆವು. ನಾನು ಜೀವನದಲ್ಲಿ ಅಷ್ಟು ಕಾವಲು ಕಾದದ್ದಿಲ್ಲ. ಹೊತ್ತು ಮುಳುಗುವ ಮೊದಲೇ ಡಬ್ಬಿಗಳಲ್ಲಿ ಬತ್ತಿ ಹಚ್ಚಿಸುತ್ತಿದ್ದೆ, ಒಂದೊಂದು ಡೇರೆಗೂ ಮೂಗು ತೂರಿಸಿ ವಾಸನೆ ನೋಡುತ್ತಿದ್ದೆ, ತೋಳು ಮುಚ್ಚದವಳಿಗೆ ಬೈಯುತ್ತಿದ್ದೆ. ನೀರಿನ ಮೇಲಿನ ಗಾಳಿ ಜೋರಾಗಿತ್ತು, ಸೊಳ್ಳೆ ಹೆಚ್ಚಿರಲಿಲ್ಲ. ಅದೂ ನನಗೆ ಅನುಮಾನವೇ. ಎಲ್ಲೋ ಅಡಗಿವೆ, ನಾನು ಮೈಮರೆತಾಗ ಬರುತ್ತವೆ ಎಂದುಕೊಂಡೆ. ಬರಿ ಜಾಗದಲ್ಲಿ ಕೂತಿದ್ದ ಆ ಹುಡುಗಿಯ ಖುಷಿ ಮಾತ್ರ ಹೇಳತೀರದು. “ಅಕ್ಕೋರೆ, ಮಕ್ಕೊಂಡು ಕೇಳಿದ್ರ ಹೊಳಿ ದನಿ ಬ್ಯಾರೇನೇ ಅದರಿ” ಎಂದಳು. ಅವಳು ಊರು ಬಿಟ್ಟು ಮಲಗಿದ್ದೇ ಅದು ಮೊದಲ ಸಲ.

ಮೂರನೆಯ ದಿನ ಬೆಳಿಗ್ಗೆ ಅವಳು ಬಿಸಿಲಲ್ಲಿ ಎರಡು ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತ ಕೂತಿದ್ದಳು. ಮುಟ್ಟಿದರೆ ಕೈ ಸುಡುತ್ತಿತ್ತು.

ಚಕ್ಕಡಿಯಲ್ಲಿ ರಸ್ತೆಗೆ, ಅಲ್ಲಿಂದ ಬಸ್ಸಿನಲ್ಲಿ ಅಫಜಲಪುರದ ದವಾಖಾನೆಗೆ ಒಯ್ದೆವು. ಅವಳ ಕಾಕಾ ಅಲ್ಲಿಗೇ ಬಂದ. ಒಂದೇ ಮಾತು ಆಡಿದ. “ಹೊಳಿ ದಂಡಿಗಿ ಹುಡಿಗೇರನ್ನ ಒಯ್ದ್ರ ಹಿಂಗೇ ಆಗ್ತದ. ಇನ್ನ ಸಾಲಿ ಸಾಕು.” ತಾಯಿ ಮಗಳ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ನಾನು ಏನು ಮಾಡಿದೆ? ಸೀದಾ ಅಂಗಡಿಗೆ ಹೋಗಿ ಅವನ ಮೇಲೆ ಕೂಗಾಡಿದೆ. ಡಬ್ಬಿ ನಕಲಿ, ಬತ್ತಿ ನಕಲಿ, ನೀನೂ ನಕಲಿ ಎಂದೆ. ಅವನು ಪಾಪ, “ಇಲ್ರಿ ಅಕ್ಕೋರೆ, ಇಲ್ರಿ” ಎಂದಷ್ಟೇ ಹೇಳುತ್ತಿದ್ದ.

ಎರಡು ದಿನದ ಮೇಲೆ ರಕ್ತದ ಫಲಿತಾಂಶ ಬಂತು, ಮಲೇರಿಯಾ. ಮನೆಮನೆಗೆ ತಿರುಗಿ ಜ್ವರದವರ ಲೆಕ್ಕ ತೆಗೆದುಕೊಳ್ಳುವ ಆರೋಗ್ಯ ಕಾರ್ಯಕರ್ತರೊಬ್ಬರು ಶಾಲೆಗೆ ಬಂದರು. ಹೊಳೆ ದಂಡೆಯ ಕಥೆಯನ್ನು ನಾನು ಶುರು ಮಾಡುವಷ್ಟರಲ್ಲಿ ತಡೆದರು.

“ಸೊಳ್ಳಿ ಇವತ್ತ ಕಡದ್ರ ನಾಳಿಗಿ ಈ ಜ್ವರಾ ಬರಂಗಿಲ್ರಿ. ಹತ್ತು ಹನ್ನೆರಡು ದಿನ ಆದ್ರೂ ಬೇಕು. ಕ್ಯಾಂಪಿಗಿಂತ ಮೊದಲ ಸಂಜಿ ಹೊತ್ತಿನ್ಯಾಗ ಹುಡುಗಿ ಎಲ್ಲಿ ಕುಂತಿದ್ಳು?”

ಈ ಪಾಠವನ್ನು ನಾನೇ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದೆ. ಹುಡುಗಿಯರಿಂದ ಬಾಯಿಪಾಠ ಮಾಡಿಸಿದ್ದೆ. ಬೆರಳು ಮಡಚಿ ಹಿಂದಕ್ಕೆ ಎಣಿಸಿದೆ. ಸೋಮವಾರ, ಮಂಗಳವಾರ, ಬುಧವಾರ. ಎಣಿಕೆ ನನ್ನ ಹಿತ್ತಲಿಗೆ ಬಂದು ನಿಂತಿತು.

ಅವರು ಹುಡುಗಿಯ ಮನೆಗೂ ಹೋಗಿ ನೋಡಿದರು. ಅಲ್ಲಿ ಅವಳ ತಾಯಿ ದಿನಾ ಬಾವಿಯಿಂದ ಸೇದಿ, ಕೊಡ ತೊಳೆದು, ಮುಚ್ಚಿಡುತ್ತಿದ್ದರು. ಆಮೇಲೆ ನನ್ನ ಹಿತ್ತಲಿಗೆ ಬಂದು ಸೌಟಿನಂಥದ್ದರಿಂದ ಟಾಕಿಯ ನೀರು ಎತ್ತಿ ತೋರಿಸಿದರು. ಸೌಟಿನೊಳಗೆ ಕೂದಲೆಳೆಯಂಥ ಸೊಳ್ಳೆಯ ಮರಿಹುಳಗಳು ಬಳುಕುತ್ತಿದ್ದವು. ಊರಿನ ಹಾಲು, ಬತ್ತಿ, ಸೆಲ್ ಎಲ್ಲವನ್ನೂ ಶೋಧಿಸಿದ್ದ ನಾನು ನನ್ನ ಟಾಕಿಯೊಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಅಂದರು, “ಹೊಳಿ ಮ್ಯಾಲ ಹಾಕ್ರಿ. ಹೊಳಿ ಏನ್ ಬಂದು ಜವಾಬು ಕೊಡ್ತದೇನು? ಇನ್ನ ಮುಂದ ಹುಡಿಗೇರ ಕ್ಯಾಂಪ್ ಬಂದ್ ಮಾಡಿದ್ರ ಮುಗೀತು.” ಅವರ ಮಾತಿನಲ್ಲಿ ನನ್ನ ಮೇಲಿನ ಕರುಣೆಯೂ ಇತ್ತು. ನಿಜ ಹೇಳಬೇಕೆಂದರೆ ಒಂದು ರಾತ್ರಿ ಪೂರ್ತಿ ನನಗೂ ಅದೇ ಸರಿ ಅನಿಸಿತ್ತು. ನನ್ನ ಹಿತ್ತಲ ಸೊಳ್ಳೆಯೇ ಕಡಿದದ್ದು ಎಂಬುದಕ್ಕೆ ಸಾಕ್ಷಿ ಯಾರು? ಉಳಿದ ಮೂವರಿಗೆ ಜ್ವರ ಬರಲಿಲ್ಲವಲ್ಲ? ಜೀವನವಿಡೀ ಬೇರೆಯವರ ಮೇಲೆ ಖರ್ಚು ಮಾಡಿದ ಅನುಮಾನವನ್ನು ಈಗ ನನ್ನನ್ನು ಉಳಿಸಿಕೊಳ್ಳಲು ಬಳಸುತ್ತಿದ್ದೆ. ಆದರೆ ಹೊಳೆಯ ಮೇಲೆ ಹಾಕಿದರೆ ಆ ಕಾಕಾನ ಮಾತು ಗೆಲ್ಲುತ್ತಿತ್ತು. ಹೊರಗೆ ಕಳಿಸಿದ್ದಕ್ಕೆ ಹೀಗಾಯಿತು ಎಂದು ಹುಡುಗಿ ಒಳಗೇ ಉಳಿಯುತ್ತಿದ್ದಳು.

ಬೆಳಗಾದ ಮೇಲೆ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಕಾಕಾ ಚಹಾ ಕುಡಿಯುತ್ತಿದ್ದ. ತಾಯಿ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಹುಡುಗಿ ಒಳಗೆ ಮಲಗಿದ್ದಳು, ಜ್ವರ ಇಳಿಯುತ್ತಿತ್ತು. ನಾನು ಕೂರಲಿಲ್ಲ. ಟಾಕಿ, ಮೂರು ಸಂಜೆ, ಗೋಣಿಚೀಲ, ಹುಳ ಎಲ್ಲವನ್ನೂ ಹೇಳಿದೆ. ಅವಳ ಪಕ್ಕದಲ್ಲಿ ಏನನ್ನೂ ಇಡದೆ ಕೂರಿಸಿದ್ದೆ ಎಂಬುದನ್ನೂ ಹೇಳಿದೆ.

ತಾಯಿಯ ಕೈ ಮೊರದಲ್ಲೇ ನಿಂತಿತು. ಆಮೇಲೆ ಮೈದುನನ ಕಡೆ ತಿರುಗಿದರು.

“ಕೇಳಿದ್ರೇನ್ರಿ? ಹೊಳಿ ದಂಡ್ಯಾಗ ಬಂದಿದ್ದಲ್ಲ. ಊರಾಗ, ಅಕ್ಕೋರ ಹಿತ್ತಲದಾಗ ಬಂದದ. ಹೊರಗ ಕಳಿಸಿದ್ದಕ್ಕ ಬಂದಿದ್ದಲ್ಲ. ಅಕಿ ಸಾಲಿ ಬಿಡಂಗಿಲ್ಲ.”

ಆತ ಬಸಿಯಲ್ಲಿದ್ದ ಚಹಾ ಮುಗಿಸಿದ. ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. “ಹತ್ತನೇತ್ತಾ ತನಕ ನೋಡೋಣು” ಎಂದು ಚಪ್ಪಲಿ ಮೆಟ್ಟಿಕೊಂಡು ಅಡತಿ ಅಂಗಡಿಗೆ ಹೋದ.

ತಾಯಿ ನನ್ನನ್ನು ಬಾಗಿಲ ತನಕ ಬಿಡಲು ಬಂದರು. ಸೆರಗಿನಿಂದ ಕೈ ಒರೆಸಿಕೊಂಡರು.

“ಖರೇ ಹೇಳಿದ್ರಿ, ಚಲೋ ಆತು. ಸಾಲಿಗಿ ಕಳಿಸ್ತೇನ್ರಿ ಅಕ್ಕೋರೆ. ಮುಂದಿನ ಸಲ ಕ್ಯಾಂಪಿಗೂ ಕಳಿಸ್ತೇನಿ.”

ನನಗೆ ಅಳು ಬರುವುದರಲ್ಲಿತ್ತು. ಅವರು ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದರು.

“ನಿಮ್ಮ ಮನೀಗಿ ಮಾತ್ರ ಕಳಸಂಗಿಲ್ರಿ” ಎಂದರು.

“ಹೌದ್ರಿ, ಕಳಸಬ್ಯಾಡ್ರಿ” ಎಂದೆ.