ಉಗ್ರಾಣದ ನೆಗಡಿರಾಯರು

ಕಾರ್ಖಾನೆಯವರೆಲ್ಲ ಅವರನ್ನು ನೆಗಡಿರಾಯರು ಎಂದೇ ಕರೆಯುವುದು. ನೆಲಮಾಳಿಗೆಯ ಉಗ್ರಾಣದಲ್ಲಿ ಕೂತು ನಟ್ಟು, ಬೋಲ್ಟು, ಬೇರಿಂಗುಗಳನ್ನು ಕಾಯುವುದು ಅವರ ಕೆಲಸ; ಒಂದಲ್ಲ ಒಂದು ಕಾಯಿಲೆ ಸಾಕುವುದು ಹವ್ಯಾಸ ಎಂಬುದು ಜನರ ಕುಹಕ. ಸೋಮವಾರ ಗಂಟಲು ಕೆರೆತ, ಮಂಗಳವಾರ ಕತ್ತು ಹಿಡಿತ, ಬುಧವಾರ ಹೊಟ್ಟೆ ಉಬ್ಬರ. ನೆಗಡಿಗೆ ಮಾತ್ರ ವಾರದ ರಜೆಯೂ ಇಲ್ಲ. ಕಿಟಕಿಯಲ್ಲಿ ಯಾರಾದರೂ ಚೀಟಿ ಚಾಚಿದರೆ ರಾಯರು ಸಾಮಾನು ಕೊಡುವ ಮೊದಲು ನಾಲಿಗೆ ಚಾಚಿ, "ಸ್ವಲ್ಪ ನೋಡಿ, ಬೆಳ್ಳಗಾಗಿದೆಯಾ?" ಎನ್ನುತ್ತಾರೆ. ಬಂದವರು ಸಾಮಾನು ಸಿಕ್ಕಿದ್ದೇ ತಡ ಕಾಲಿಗೆ ಬುದ್ಧಿ ಹೇಳುತ್ತಾರೆ. ಹತ್ತೂವರೆ ಹೊಡೆಯಿತೆಂದರೆ ರಾಯರು ಚಿಕಿತ್ಸಾ ಕೋಣೆಯಲ್ಲಿ ಹಾಜರು. "ಏನ್ ರಾಯರೇ, ಇವತ್ತು ಎಲ್ಲಿ ನೋವು?" ಎಂದು ನರ್ಸಮ್ಮ ನಗುತ್ತಲೇ ಮಾತ್ರೆ ಕೊಡುತ್ತಾರೆ. ಮೊನ್ನೆ ಅವರು ಹಳೆಯ ದಾಖಲೆ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ, "ಹತ್ತೊಂಬತ್ತು ವರ್ಷ ನಿಮ್ಮ ಹೆಸರೇ ಇಲ್ವಲ್ಲ! ಹೋದ ವರ್ಷದಿಂದ ಏನಾಯ್ತು?" ಎಂದರು. "ಧೂಳು ಸಿಸ್ಟರ್, ಬರೀ ಧೂಳು," ಎಂದು ರಾಯರು ಎದ್ದು ಬಂದರು. ಧೂಳು ಮೊದಲಿನಿಂದಲೂ ಇತ್ತು. ಉಗ್ರಾಣಕ್ಕೆ ಒಬ್ಬರೇ ಸಾಕೆಂದು ಮೇಲಿನವರು ಹೋದ ವರ್ಷ ಎತ್ತಂಗಡಿ ಮಾಡಿದ್ದು ಎದುರು ಮೇಜಿನ ಗೆಳೆಯನನ್ನು. ಹಿಂದೆಯೇ ಆ ಮೇಜೂ ಹೋಯಿತು. ರಾಯರು ಯಾವಾಗಲೋ ಒಮ್ಮೆ ಸೀನಿದರೆ ಸಾಕು, ಆ ಗೆಳೆಯ ಬರೆಯುತ್ತಿದ್ದಲ್ಲಿಂದ ತಲೆ ಎತ್ತದೆಯೇ, "ಇನ್ನೂ ಇದ್ದೀಯೇನಯ್ಯಾ?" ಎಂದು ಕೇಳುತ್ತಿದ್ದ. ಈಗಲೂ ಸೀನು ಬಂದಾಗ ರಾಯರು ಮೂಗು ಒರೆಸಿಕೊಳ್ಳುವುದನ್ನೂ ಮರೆತು, ಮೇಜಿನ ಕಾಲುಗಳ ಗುರುತು ಉಳಿದ ಆ ಖಾಲಿ ನೆಲವನ್ನು ಒಂದು ಗಳಿಗೆ ನೋಡುತ್ತಾರೆ; ಆಮೇಲೆ, ಯಾರೂ ಕೇಳದಿದ್ದರೂ, ಮೆಲ್ಲಗೆ, "ಇದ್ದೀನಪ್ಪಾ," ಎನ್ನುತ್ತಾರೆ.