ಫೋನು ಮಾಡದ ಮನೆ

ನನ್ನ ಗಂಡ ಕಂಬದಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ, ಮಧುಗಿರಿ ಸುತ್ತಲಿನ ಹಳ್ಳಿಗಳ ರೂಟರುಗಳೆಲ್ಲ ನನ್ನ ಕೈಗೆ ಬಂದವು. ಅದಕ್ಕೆ ಮೊದಲು ನಾನು ಫೋನು ಎತ್ತುತ್ತಿದ್ದೆ, ಅಷ್ಟೆ. ಅವರು ಹಿಂದೆ ಕೇಬಲ್ ಟೀವಿ ನಡೆಸುತ್ತಿದ್ದರು. ಜನ ಟೀವಿ ಬಿಟ್ಟು ಮೊಬೈಲು ಹಿಡಿದ ಮೇಲೆ ಅದೇ ದಾರಿಯಲ್ಲಿ ಇಂಟರ್‌ನೆಟ್ಟಿನ ವೈರು ಎಳೆದರು. ಹೊರಗಿನ ಓಡಾಟ ಅವರದು, ಮನೆಯಲ್ಲಿ ಕೂತು "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಎನ್ನುವುದು ನನ್ನದು. ದನಿ ಕೇಳಿದರೆ ಯಾವ ಊರಿನ ಯಾರು ಎಂದು ಹೇಳಬಲ್ಲವಳಾಗಿದ್ದೆ. ಮುಖ ಮಾತ್ರ ಯಾರದನ್ನೂ ಕಂಡಿರಲಿಲ್ಲ.

ಅವರು ಬಿದ್ದದ್ದು ಕೊರಟಗೆರೆ ರಸ್ತೆಯಲ್ಲಿ. ಏಣಿ ಜಾರಿತಂತೆ. ತುಮಕೂರಿನ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ, ತೊಡೆಯವರೆಗೆ ಪ್ಲಾಸ್ಟರು ಹಾಕಿ ಕಳಿಸಿದರು. ಮೂರು ತಿಂಗಳು ನೆಲಕ್ಕೆ ಕಾಲು ಊರುವ ಹಾಗಿಲ್ಲ ಎಂದರು. ಮೊದಲ ವಾರ ಪರಿಚಯದವರೊಬ್ಬರು ಅವರ ಕೆಲಸ ನೋಡಿಕೊಂಡರು, ಆಮೇಲೆ ಅವರಿಗೂ ಬಿಡುವಾಗಲಿಲ್ಲ. ಒಂದು ದಿನ ಬೆಳಿಗ್ಗೆ ನಾನೇ ಸ್ಕೂಟರಿನ ಕೀ ತೆಗೆದುಕೊಂಡೆ. ಕಂಬ ಮಾತ್ರ ಹತ್ತಬೇಡ ಎಂದರು ನನ್ನ ಗಂಡ. ಅತ್ತೆ ಡಬ್ಬಿಗೆ ಅನ್ನ ಹಾಕಿ ಕೊಟ್ಟರು.

ನಾನು ಒಬ್ಬಳೇ ಹೋಗಿ ಕೂರಿಸಿದ ಮೊದಲ ರೂಟರು ಮಧುಗಿರಿಯಲ್ಲೇ, ಹೊಸದಾಗಿ ಕಟ್ಟಿದ ಮನೆಯೊಂದರಲ್ಲಿ. ವೀಡಿಯೋ ಕಾಲ್‌ನಲ್ಲಿ ಗಂಡ ಮಂಚದ ಮೇಲಿನಿಂದ ಒಂದೊಂದನ್ನೇ ಹೇಳಿದರು: ಹೊರಗಿನಿಂದ ಬಂದ ವೈರು ನೀಲಿ ತೂತಿಗೆ, ಹಳದಿ ತೂತುಗಳು ಮನೆಯೊಳಗಿನ ಕಂಪ್ಯೂಟರು ಟೀವಿಗಳಿಗೆ. ಆಮೇಲೆ ಮೊಬೈಲಿನಲ್ಲಿ ರೂಟರಿನ ಪುಟ ತೆರೆದು ಮನೆಯವರು ಹೇಳಿದ ಹೆಸರು, ಪಾಸ್‌ವರ್ಡು ಹಾಕುವುದು. ಆ ಮನೆಯಾಕೆಯ ಫೋನಿನಲ್ಲಿ ವೈಫೈ ಗುರುತು ಮೂಡಿದ ಮೇಲೂ, ಎಲ್ಲಿ ಮತ್ತೆ ಹೋಗಿಬಿಡುತ್ತದೋ ಎಂದು ಅಲ್ಲೇ ಕಾದು ನಿಂತೆ. ಒಂದು ತಿಂಗಳಲ್ಲಿ ಆ ಭಯ ಹೋಯಿತು. ಆಗಲೇ ಒಂದು ಹಳ್ಳಿಯ ಕಾಟ ಶುರುವಾದದ್ದು.

ಬಡವನಹಳ್ಳಿ ಕಡೆಯ ಚಿಕ್ಕ ಊರು ಅದು. ನಮ್ಮ ದಪ್ಪ ಲೈನು ಊರ ಹಾಲಿನ ಡೈರಿಯವರೆಗೆ ಬರುತ್ತದೆ. ಡೈರಿ ಗೋಡೆಯ ಮೇಲೆ ತಗಡಿನ ಪೆಟ್ಟಿಗೆ, ಅದರೊಳಗೆ ಲೈನನ್ನು ಹಂಚುವ ಸ್ವಿಚ್ಚು ಎನ್ನುವ ಡಬ್ಬಿ, ಅಲ್ಲಿಂದ ಮನೆಮನೆಗೆ ಒಂದೊಂದು ವೈರು. ಒಂದು ದಿನ ಬೆಳಿಗ್ಗೆ ಕರೆಂಟು ಹೋಗಿ ಬಂದದ್ದೇ ತಡ, ಅರ್ಧ ಊರಿಗೆ ನೆಟ್ಟು ಇಲ್ಲ. ನಾನು ಹೋಗಿ ದೂರು ಹೇಳಿದವರ ರೂಟರುಗಳನ್ನೆಲ್ಲ ಆಫ್ ಮಾಡಿಸಿ ಆನ್ ಮಾಡಿಸಿದೆ. ಕೆಲವಕ್ಕೆ ಬಂತು, ಕೆಲವಕ್ಕೆ ಹೋಯಿತು. ಮಾರನೆಯ ದಿನ ಬಂದಿದ್ದವರಿಗೆ ಇಲ್ಲ, ಇಲ್ಲದಿದ್ದವರಿಗೆ ಇದೆ. ಹೀಗೂ ಉಂಟೇ ಎಂದು ಗಂಡನನ್ನು ಕೇಳಿದೆ. ಸ್ವಿಚ್ಚೇ ಕೆಟ್ಟಿರಬೇಕು, ಬದಲಾಯಿಸು ಎಂದರು. ಬದಲಾಯಿಸಿದೆ. ಫೋನು ಮಾಡಿದ್ದ ಮನೆಗಳಿಗೆಲ್ಲ ನೆಟ್ಟು ಬಂತು. ಖುಷಿಯಿಂದ ಮನೆಗೆ ಹೋಗಿ ಸ್ಕೂಟರು ನಿಲ್ಲಿಸುತ್ತಿದ್ದ ಹಾಗೇ ಫೋನು ಬಂತು: ಮತ್ತೆ ಕರೆಂಟು ಹೋಗಿತ್ತು, ಬಂದಿತ್ತು, ನೆಟ್ಟು ಇರಲಿಲ್ಲ.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಪಾವಗಡದ ಕಡೆ ನನ್ನ ತವರು, ಮನೆಮಾತು ತೆಲುಗು. ಅಮ್ಮ ಫೋನಿನಲ್ಲಿ "ತಿನ್ನಾವಾ?" ಎಂದು ಕೇಳಿದರೆ ಊಟ ಆಯ್ತು ಎಂದು ಸುಳ್ಳು ಹೇಳುತ್ತಿದ್ದೆ. ಡೈರಿಯ ಊರಿನವರಲ್ಲಿ ಬೈದವರು ಕಡಿಮೆ. ಆದರೆ ಬೈಯದೆ ಸುಮ್ಮನೆ ನನ್ನ ಮುಖ ನೋಡಿದರೆ ಇನ್ನೂ ಕಷ್ಟ. ಡೈರಿಯ ಸೆಕ್ರೆಟರಿ ಒಳ್ಳೆಯ ಮನುಷ್ಯ, ಅವರ ತೊಂದರೆ ನಿಜವಾದದ್ದು. ಯಾರು ಎಷ್ಟು ಹಾಲು ಹಾಕಿದರು, ಜಿಡ್ಡು ಎಷ್ಟಿತ್ತು ಎನ್ನುವುದೆಲ್ಲ ಅವರ ಕಂಪ್ಯೂಟರಿನಿಂದ ಮೇಲಿನ ಆಫೀಸಿಗೆ ದಿನವೂ ಹೋಗಬೇಕು. ಒಂದು ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ನಿಮ್ ಯಜಮಾನ್ರು ಮಲಗವ್ರೆ, ನಂಗೂ ಗೊತ್ತೈತೆ. ಆದ್ರೆ ಹಾಲು ಹಾಕೋರಿಗೆ ನಾನೇನು ಹೇಳ್ಲಿ? ನಾಳೆಗೂ ಇಂಗೇ ಇದ್ರೆ ಸಿರಾದೋರಿಗೆ ಹೇಳ್ಬೇಕಾಯ್ತದೆ ಕಣಮ್ಮ."

ಶಿರಾದವರು ಎಂದರೆ ಈ ಕಡೆ ಲೈನು ಎಳೆಯಲು ಕಾಯುತ್ತಿದ್ದ ಇನ್ನೊಂದು ಕಂಪನಿಯವರು. ಡೈರಿ ಗೋಡೆಯಿಂದ ನಮ್ಮ ಪೆಟ್ಟಿಗೆ ಇಳಿದರೆ ಆ ಊರು ಮುಗಿದ ಹಾಗೆ. ಮಲಗಿದ್ದವರಿಗೆ ಇದನ್ನು ಹೇಗೆ ಹೇಳಲಿ? ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಹೊತ್ತು ಮುಗಿಯುತ್ತಲೇ ಹೋಗಿ ಡೈರಿಯ ರೂಟರಿನ ಮುಂದೆ ಕೂತೆ. ನೆಟ್ಟು ಇರಲಿಲ್ಲ. ಗಂಡನಿಗೆ ಫೋನು ಮಾಡಿದೆ.

ಅವರು ಅಲ್ಲಿಯವರೆಗೆ ಕೇಳದ ಒಂದು ಮಾತು ಕೇಳಿದರು. ರೂಟರಿಗೆ ಹೊರಗಿನಿಂದ ಸಿಕ್ಕಿರುವ ನಂಬರು ಯಾವುದು, ಪುಟದಲ್ಲಿ ನೋಡಿ ಓದು ಎಂದರು. ಒಂದೊಂದು ಮನೆಯ ರೂಟರಿಗೂ ನಮ್ಮ ಆಫೀಸಿನ ಮಿಷನ್ನು ಒಂದೊಂದು ನಂಬರು ಕೊಡುತ್ತದೆ, ಬಾಗಿಲ ನಂಬರಿನ ಹಾಗೆ. ನಮ್ಮವು ಎಲ್ಲ ಹತ್ತರಿಂದ ಶುರುವಾಗುತ್ತವೆ. ನಾನು ಓದಿದ ನಂಬರು ನೂರ ತೊಂಬತ್ತೆರಡರಿಂದ ಶುರುವಾಗಿತ್ತು.

ಅತ್ತ ಕಡೆ ಮಂಚ ಕಿರುಗುಟ್ಟಿದ್ದು ಕೇಳಿಸಿತು, ಅವರು ಎದ್ದು ಕೂತಿರಬೇಕು.

"ಸಿಕ್ತು ಕಣೇ. ಯಾರೋ ನಮ್ ವೈರನ್ನ ನೀಲಿ ತೂತಿಗೆ ಹಾಕೋ ಬದ್ಲು ಹಳದಿಗೆ ಹಾಕ್ಬುಟ್ಟವ್ರೆ. ಅವ್ರ ಮನೆ ರೂಟರು ಊರಿಗೆಲ್ಲ ನಂಬರ್ ಹಂಚ್ತಾ ಕೂತೈತೆ."

ನನಗೆ ಅರ್ಥವಾಯಿತು. ಕರೆಂಟು ಬಂದ ಕೂಡಲೇ ಊರಿನ ರೂಟರುಗಳೆಲ್ಲ ನಂಬರು ಕೊಡಿ ಎಂದು ಕೇಳುತ್ತವೆ. ನಮ್ಮ ಮಿಷನ್ನೂ ಕೊಡುತ್ತದೆ, ಆ ತಿರುಗುಮುರುಗಾದ ರೂಟರೂ ಕೊಡುತ್ತದೆ. ಯಾರದು ಮೊದಲು ತಲುಪಿತೋ ಅದನ್ನೇ ಹಿಡಿದುಕೊಳ್ಳುತ್ತವೆ. ಅದಕ್ಕೇ ಇವತ್ತು ಈ ಮನೆ, ನಾಳೆ ಆ ಮನೆ.

ಪೆಟ್ಟಿಗೆಯಲ್ಲಿ ಯಾವ ವೈರು ಯಾರ ಮನೆಯದು ಎಂದು ಬರೆದಿದ್ದ ಚೀಟಿಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ಒಂದೊಂದನ್ನೇ ಕಿತ್ತು, ಪ್ರತಿಸಲ ಡೈರಿಯ ರೂಟರನ್ನು ಆಫ್ ಮಾಡಿ ಆನ್ ಮಾಡಿ ನಂಬರು ನೋಡುತ್ತ ಹೋದೆ. ಒಕಟಿ, ರೆಂಡು, ಮೂಡು ಎಂದು ಎಣಿಸುತ್ತಿದ್ದೆ; ಗಾಬರಿಯಾದರೆ ನನಗೆ ತೆಲುಗೇ ಬರುವುದು. ಕೆಳಗಿನ ಸಾಲಿನ ಒಂದು ವೈರು ಕಿತ್ತ ಮೇಲೆ ಹತ್ತರ ನಂಬರು ಬಂತು. ಮತ್ತೆ ಮತ್ತೆ ಆಫ್ ಮಾಡಿ ನೋಡಿದೆ. ಹತ್ತೇ. ಅದೊಂದನ್ನು ಬಿಟ್ಟು, ಕಿತ್ತಿದ್ದ ಉಳಿದ ವೈರುಗಳನ್ನೆಲ್ಲ ಮತ್ತೆ ಸಿಕ್ಕಿಸಿದೆ. ಸೆಕ್ರೆಟರಿಯ ಕಂಪ್ಯೂಟರಿನಲ್ಲಿ ತಡೆದು ನಿಂತಿದ್ದ ಲೆಕ್ಕವೆಲ್ಲ ಹೊರಟಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕಾಫಿ ತರಿಸಲಾ ಎಂದು ಕೇಳಿದರು.

ಆ ವೈರು ಹಾಗೇ ಕಿತ್ತಿರಲಿ, ಯಾರ ಮನೆಯದೋ ಅವರೇ ಫೋನು ಮಾಡುತ್ತಾರೆ ಎಂದರು ನನ್ನ ಗಂಡ. ಡೈರಿಯ ಕಟ್ಟೆಯ ಮೇಲೆ ಕೂತು ಕಾಫಿ ಕುಡಿದೆ. ಕಾದೆ. ನೆಟ್ಟು ಬಂತು ಎಂದು ಹೇಳಲು ನಾಲ್ಕಾರು ಜನ ಫೋನು ಮಾಡಿದರು. ಇಲ್ಲ ಎಂದು ಯಾರೂ ಮಾಡಲಿಲ್ಲ.

ಆಗ ನಾನು ಆ ವಾರವೆಲ್ಲ ದೂರು ಹೇಳಿದವರ ದನಿಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಅಂಗಡಿಯವರು ಹೇಳಿದ್ದರು, ಮೇಷ್ಟ್ರು ಹೇಳಿದ್ದರು, ಹಿಟ್ಟಿನ ಗಿರಣಿಯ ಅಣ್ಣತಮ್ಮಂದಿರು ಬೇರೆಬೇರೆಯಾಗಿ ಹೇಳಿದ್ದರು. ಒಂದು ದನಿ ಮಾತ್ರ ಅದರಲ್ಲಿ ಇರಲಿಲ್ಲ. ಊರಿನವರೆಲ್ಲ ನರ್ಸಮ್ಮ ಎಂದು ಕರೆಯುವ ಒಬ್ಬರು. ಆ ಭಾಗದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿ, ರಿಟೈರಾದ ಮೇಲೂ ಅಲ್ಲೇ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ದಿನವೂ ಸಂಜೆ ಬರಗೂರಿನಲ್ಲಿರುವ ತಂಗಿಯ ಜೊತೆ ವೀಡಿಯೋದಲ್ಲಿ ಮಾತಾಡುತ್ತಿದ್ದರು. ನೆಟ್ಟು ಒಂದಿಷ್ಟು ತಡವಾದರೂ ನನಗೆ ಫೋನು ಮಾಡುತ್ತಿದ್ದವರು ಅವರು. ನನ್ನ ಗಂಡ ಬಿದ್ದ ಮೇಲಂತೂ ನೆಟ್ಟಿನ ಮಾತು ಕೊನೆಗೆ. ಕಾಲಿನ ಬೆರಳು ಆಡಿಸುತ್ತಿರಲು ಹೇಳು, ಬಾವು ಬಂದರೆ ದಿಂಬಿನ ಮೇಲೆ ಎತ್ತಿಡು ಎಂದು ಮೊದಲು ಅದನ್ನೇ ಹೇಳುತ್ತಿದ್ದರು. ಅವರ ಫೋನು ಬಂದು ಒಂದು ವಾರದ ಮೇಲಾಗಿತ್ತು.

ಸೆಕ್ರೆಟರಿಯನ್ನು ಕೇಳಿದೆ. ಎರಡು ದಿನದಿಂದ ಹಾಲಿಗೂ ಬಂದ ಹಾಗಿಲ್ಲವಲ್ಲ ಎಂದು ಅವರೂ ಯೋಚನೆಗೆ ಬಿದ್ದರು. ನಾನು ಫೋನು ಹಚ್ಚಿದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತುಹೋಯಿತು. ಮತ್ತೆ ಹಚ್ಚಿದೆ, ಹಾಗೆಯೇ.

ನರ್ಸಮ್ಮನ ಮನೆ ಹೊಲಗಳ ಕಡೆಗೆ, ಊರಿನಿಂದ ಸ್ವಲ್ಪ ಆಚೆಗೆ ಎಂದು ಸೆಕ್ರೆಟರಿ ದಾರಿ ತೋರಿಸಿದರು. ಸ್ಕೂಟರು ಇರುವುದೂ ಮರೆತು ನಡೆದೇ ಹೊರಟೆ, ನಡಿಗೆ ಓಟವಾಯಿತು. ರೂಟರು, ಶಿರಾದವರು ಯಾವುದೂ ಆಗ ತಲೆಯಲ್ಲಿರಲಿಲ್ಲ. ಬಾಗಿಲು ಮುಂದಕ್ಕೆ ಹಾಕಿತ್ತು. ಕೂಗಿದೆ. ಒಳಗಿನಿಂದ ಉತ್ತರವಿಲ್ಲ. ಮನೆಯನ್ನು ಸುತ್ತಿ ಹಿತ್ತಿಲಿಗೆ ಹೋದೆ.

ಹುಣಸೆಮರದ ನೆರಳಲ್ಲಿ ಗೋಣಿತಾಟು ಹಾಸಿಕೊಂಡು, ತಲೆಗೆ ಟವೆಲ್ ಕಟ್ಟಿಕೊಂಡು ದಪ್ಪಗಿನ ಹೆಂಗಸೊಬ್ಬರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ನಾನು ಯಾರು ಎಂದು ಹೇಳುತ್ತಿದ್ದ ಹಾಗೇ ಅವರು ದನಿ ಗುರುತು ಹಿಡಿದರು. ನನ್ನ ಉಸಿರು ನೋಡಿ ಮೊದಲು ನೀರು ತಂದರು, ಆಮೇಲೆ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ನೀವು ಫೋನೇ ಮಾಡ್ಲಿಲ್ವಲ್ಲ ನರ್ಸಮ್ಮ" ಎಂದೆ.

"ಊರಿಗೇ ನೆಟ್ ಇಲ್ಲ ಅಂತಿದ್ರು. ನಿನ್ ಗಂಡ ಬೇರೆ ಮಲಗವ್ನೆ. ನಾನೂ ಒಬ್ಳು ಯಾಕೆ ನಿನ್ ತಲೆ ತಿನ್ಲಿ ಅಂತ ಸುಮ್ಕಾದೆ ಕಣವ್ವ."

ಮೊಬೈಲು ಒಳಗೆ ಚಾರ್ಜಿಗೆ ಹಾಕಿದ್ದರಂತೆ, ಕೇಳಿಸಿರಲಿಲ್ಲ. ಹುಣಸೆಯ ಕೆಲಸದಲ್ಲಿ ಎರಡು ದಿನ ಹಾಲಿಗೂ ಹೋಗಿರಲಿಲ್ಲವಂತೆ. ಒಳಗೆ ಹೋದರೆ ಮನೆಗೆ ಹೊಸ ಸುಣ್ಣದ ವಾಸನೆ. ಸುಣ್ಣ ಬಳಿಯುವವರಿಗೆ ಅಡ್ಡವಾಗುತ್ತದೆಂದು ರೂಟರನ್ನು ತೆಗೆದಿಟ್ಟು, ಆಮೇಲೆ ನರ್ಸಮ್ಮ ತಾವೇ ಮತ್ತೆ ಕೂರಿಸಿದ್ದರು. ವೈರು ಹಳದಿ ತೂತಿನಲ್ಲಿತ್ತು. ಅದನ್ನು ತೆಗೆದು ನೀಲಿಗೆ ಹಾಕಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಏನಾಗಿತ್ತು ಎಂದು ನಾನು ಹೇಳಲು ಹಿಂಜರಿದೆ, ಆದರೆ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಹೇಳಿದೆ. ಅವರ ಮುಖ ಇಳಿದುಹೋಯಿತು. ದೀಪಗಳೆಲ್ಲ ಉರಿಯುತ್ತಿದ್ದವು, ಸರಿಯಾಗೇ ಇದೆ ಅಂದುಕೊಂಡೆ ಎಂದು ಎರಡು ಮೂರು ಸಲ ಹೇಳಿದರು. ಯಾರ ಮನೆ ಎಂದು ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಡೈರಿಗೆ ಹೋಗಿ ಆ ವೈರನ್ನು ಮತ್ತೆ ಸ್ವಿಚ್ಚಿಗೆ ಸಿಕ್ಕಿಸಿ, ನರ್ಸಮ್ಮ ಚೆನ್ನಾಗಿದ್ದಾರೆ ಎಂದೆ. ಎಲ್ಲೋ ಒಂದು ವೈರು ತಪ್ಪಾಗಿತ್ತು ಎಂದಷ್ಟೇ ಸೆಕ್ರೆಟರಿಗೆ ಹೇಳಿದೆ. ಅವರೂ ಕೆದಕಲಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಎಲ್ಲ ಸರಿಯಿದೆಯೇ ನೋಡಲು ಮತ್ತೆ ಹೋದೆ. ಹಾಲು ಹಾಕುವವರು ಸಾಲಾಗಿ ನಿಂತಿದ್ದರು. ನರ್ಸಮ್ಮ ಚೊಂಬು ಹಿಡಿದುಕೊಂಡು ಬಂದರು. ನನ್ನ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ, ವಾರದಿಂದ ನೆಟ್ಟು ಕೆಟ್ಟದ್ದು ತಮ್ಮ ಮನೆಯಿಂದ, ವೈರನ್ನು ತಪ್ಪು ತೂತಿಗೆ ಹಾಕಿದ್ದು ತಾವೇ, ಈ ಹುಡುಗಿಯನ್ನು ಯಾರೂ ಏನೂ ಅನ್ನಬೇಡಿ ಎಂದರು. ಗಿರಣಿಯ ಅಣ್ಣ, ಮೀಸೆ ನರೆತ ಮನುಷ್ಯ, ಕ್ಯಾನು ಕೆಳಗಿಟ್ಟರು.

"ನಮ್ ಮನೆ ನಾಲ್ಕು ಮಕ್ಳನ್ನ ನೀನೇ ಹೆರಿಗೆ ಮಾಡ್ಸಿದ್ದು. ಒಂದ್ ವಾರ ನೆಟ್ ನಿಂತ್ರೆ ಏನು ಮುಳುಗೋಯ್ತು ಬುಡು ನರ್ಸಮ್ಮ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನರ್ಸಮ್ಮನೂ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ನಿನ್ನೆ ಸಂಜೆ ತಂಗಿಯ ಜೊತೆ ಮಾತಾಡಿದೆ, ವಾರದ್ದೆಲ್ಲ ಸೇರಿಸಿ ಬೈದಳು ಎಂದು ನನಗೆ ಹೇಳಿದರು. ಸೆಕ್ರೆಟರಿ ಶಿರಾದವರ ಮಾತು ಎತ್ತಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ, ಮುಚ್ಚಿಟ್ಟಿದ್ದ ಶಿರಾದವರ ಮಾತನ್ನೂ ಹೇಳಿದೆ. ಅವರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಹೀಗೆ ತಪ್ಪು ನಂಬರು ಹಂಚುವುದನ್ನು ತಡೆಯುವ ಸ್ವಿಚ್ಚು ಬರುತ್ತದೆ, ಇನ್ನು ಎಲ್ಲ ಊರಿಗೂ ಅದನ್ನೇ ಹಾಕೋಣ ಎಂದರು. ಹಾಕಿದೆವು ಕೂಡ, ಅವರು ಕೋಲು ಹಿಡಿದು ನಡೆಯುವ ಹೊತ್ತಿಗೆ. ಅದು ಆಮೇಲಿನ ಮಾತು. ಅವತ್ತು ಅತ್ತೆ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಎರಡನೇ ಮುದ್ದೆಯನ್ನೂ ಉಂಡು, ತಂಪಗಿದ್ದ ನೆಲದ ಮೇಲೆ ಹಾಗೇ ಮಲಗಿದವಳು ಎದ್ದದ್ದು ಅತ್ತೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ. ಯಾರೋ ನನ್ನ ತಲೆಯ ಕೆಳಗೆ ದಿಂಬು ಇಟ್ಟಿದ್ದರು.